ಹಾಜರಾ ಒಪ್ಪದ ವೆಬ್‌ಸೈಟು

ಶಿವಮೊಗ್ಗದ ದುರ್ಗಿಗುಡಿಯ ಆ ಅಂಗಡಿಯಲ್ಲಿ ಅವತ್ತು ಹಬ್ಬದ ಕಳೆ ಇತ್ತು. ಹಾಜರಾ ನಡೆಸುವ ಮದುವೆ ಬಟ್ಟೆಯ ಅಂಗಡಿಗೆ ವೆಬ್‌ಸೈಟು ಬಂದಿತ್ತು. ಅದನ್ನು ಮಾಡಿಕೊಟ್ಟ ಜ್ಞಾನೇಶ್ ಗೋಪಾಳದ ತನ್ನ ಆಫೀಸಿನಿಂದ ಲ್ಯಾಪ್‌ಟಾಪ್ ಹಿಡಿದುಕೊಂಡು ತಾನೇ ಬಂದಿದ್ದ. ಬಟ್ಟೆ ಕತ್ತರಿಸುವ ಮೇಜನ್ನು ಖಾಲಿ ಮಾಡಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟರು. ಹಾಜರಾಳ ಗಂಡ ಅಬ್ಬಾಸ್ ಅಲಿ ಗ್ಯಾರೇಜಿನಿಂದ ಕೈಯ ಗ್ರೀಸು ತೊಳೆದುಕೊಂಡು ಬಂದು ನಿಂತ. ಅಂಗಡಿಯಲ್ಲಿ ಅವಳ ಜೊತೆಗೆ ಕೆಲಸ ಮಾಡುವ ತಂಗಿಯ ಮಗಳು ಅತೀಕಾ ಎಲ್ಲರಿಗೂ ಬಾದಾಮಿ ಹಾಲು ತರಿಸಿದ್ದಳು.

ತೆರೆಯ ಮೇಲೆ ಕೆನೆಬಣ್ಣದ ಹಿನ್ನೆಲೆ, ಅದರ ಮೇಲೆ ಕೂದಲೆಳೆಯಷ್ಟು ಸಣ್ಣಗಿನ ಚಿನ್ನದ ಬಣ್ಣದ ಅಕ್ಷರ. ಹಾಜರಾ ಹೊಲಿದ ಲೆಹಂಗಾಗಳು ಒಂದರ ಹಿಂದೊಂದು ತಾವಾಗಿಯೇ ತೇಲಿಬಂದು, ಕರಗಿ, ಇನ್ನೊಂದಕ್ಕೆ ಜಾಗ ಬಿಡುತ್ತಿದ್ದವು.

“ಖಾಲಾ, ಎಷ್ಟು ಚೆನ್ನಾಗಿದೆ ಗೊತ್ತಾ!” ಎಂದಳು ಅತೀಕಾ ದೊಡ್ಡಮ್ಮನಿಗೆ.

ಹಾಜರಾ ಮುಖ ಓರೆ ಮಾಡಿಕೊಂಡು ತೆರೆಯ ಕಡೆ ನೋಡಿದಳು. ಅವಳು ಏನನ್ನು ನೋಡಿದರೂ ಹಾಗೆಯೇ. ನಲವತ್ತು ದಾಟಿದ ಮೇಲೆ ಅವಳ ಎರಡೂ ಕಣ್ಣಿನ ನಡುಭಾಗ ಮಬ್ಬಾಗುತ್ತ ಬಂದು, ಈಗ ನೇರ ನೋಡಿದರೆ ಎದುರಿನವರ ಮುಖ ಇರಬೇಕಾದ ಕಡೆ ಬರೀ ಬೂದುಬಣ್ಣದ ಕಲೆ. ಕಣ್ಣಿನ ಅಂಚಿನಿಂದ ನೋಡಿದರೆ ಒಂದಿಷ್ಟು ಕಾಣುತ್ತದೆ. ಆ ಅಂಚಿನಿಂದ ಅವಳಿಗೆ ಕಂಡದ್ದು ಒಂದು ಕೆನೆಬಣ್ಣದ ಗೋಡೆ, ಅದರ ಮೇಲೆ ಏನೋ ಬಣ್ಣಗಳ ಓಡಾಟ. ತನ್ನ ಅಂಗಡಿಯ ಹೆಸರು ಎಲ್ಲಿದೆ ಎಂದು ಹುಡುಕಿದಳು. ಸಿಗಲಿಲ್ಲ.

ಸರಿ ಎಂದುಕೊಂಡು ತನ್ನ ಮೊಬೈಲು ತೆಗೆದಳು. ಅದು ಓದಿ ಹೇಳುವ ಮೊಬೈಲು. ಬೆರಳು ಸವರಿದಲ್ಲಿ ಏನಿದೆಯೋ ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತದೆ. ಪೇಪರು, ವಾಟ್ಸಾಪು, ಕರೆಂಟ್ ಬಿಲ್ಲು ಎಲ್ಲವನ್ನೂ ಅವಳು ಓದುವುದು ಹಾಗೆಯೇ. ಅದರಲ್ಲಿ ವೆಬ್‌ಸೈಟು ತೆರೆದು ಬೆರಳಿಟ್ಟಳು.

“ಚಿತ್ರ,” ಎಂದಿತು ಮೊಬೈಲು.

ಬೆರಳು ಸರಿಸಿದಳು. “ಚಿತ್ರ.” ಮತ್ತೂ ಸರಿಸಿದಳು. “ಚಿತ್ರ. ಹೆಸರಿಲ್ಲದ ಬಟನ್. ಚಿತ್ರ.”

“ಇದರಲ್ಲಿ ನನ್ನ ಲೆಹಂಗಾ ಎಲ್ಲಿ?” ಎಂದು ಕೇಳಿದಳು.

“ಅದೇ ಆಂಟಿ, ಚಿತ್ರ ಅಂತಿದೆಯಲ್ಲ,” ಎಂದ ಜ್ಞಾನೇಶ್.

“ಚಿತ್ರ ಅಂದ್ರೆ ಯಾವ ಚಿತ್ರ? ಲೆಹಂಗಾದ್ದೋ, ಎಮ್ಮೇದೋ?”

ಜ್ಞಾನೇಶ್ ನಕ್ಕ. ಅವನು ಕೆಟ್ಟವನೇನಲ್ಲ, ಕೆಲಸ ಬಲ್ಲವನು, ಊರಿನ ಎಷ್ಟೋ ಅಂಗಡಿಗಳಿಗೆ ಒಳ್ಳೆಯ ಹೆಸರು ತಂದುಕೊಟ್ಟವನು. ನಗುತ್ತಲೇ ಹೇಳಿದ: “ಆಂಟಿ, ಹಾಗೆ ಓದಿಸ್ಕೊಂಡು ಕೇಳೋದು ಕಣ್ಣು ಕಾಣದೋರು. ನಿಮ್ಮ ಕಸ್ಟಮರ್ಸ್ ಏನೂ ಕುರುಡರಲ್ವಲ್ಲ.”

ಅತೀಕಾಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಅಬ್ಬಾಸ್ ಅಲಿ ನೆಲ ನೋಡಿದ. ಹಾಜರಾ ಮಾತ್ರ ದನಿ ಏರಿಸಲಿಲ್ಲ.

“ಅಂಗಡಿ ಯಾರದ್ದಪ್ಪಾ?” ಎಂದಳು.

“ನಿಮ್ಮದೇ, ಆಂಟಿ.”

“ನನ್ನ ಅಂಗಡೀಲಿ ಏನಿದೆ ಅಂತ ನಂಗೆ ಗೊತ್ತಾಗ್ಬಾರದಾ?”

ಸರಿಪಡಿಸಿ ತರುತ್ತೇನೆ ಎಂದು ಹೇಳಿ ಜ್ಞಾನೇಶ್ ಎದ್ದುಹೋದ. ಅವನ ಬಾದಾಮಿ ಹಾಲು ಹಾಗೆಯೇ ಉಳಿಯಿತು.

ಹಾಜರಾ ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ, ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲಿ ಕ್ರೇನ್ ಓಡಿಸುತ್ತಿದ್ದವರು. ಪಕ್ಕದ ಮನೆಯ ತಮಿಳು ಹೆಂಗಸು ಚಿನ್ನಮ್ಮ ಬೀದಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಹಾಜರಾ ಇರುತ್ತಿದ್ದದ್ದು ಅವಳ ಹೊಲಿಗೆ ಯಂತ್ರದ ಪಕ್ಕದಲ್ಲೇ. ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಚಿನ್ನಮ್ಮ ಬೈಯುತ್ತ ಕಲಿಸಿದಳು, ಇವಳು ಬೈಸಿಕೊಳ್ಳುತ್ತ ಕಲಿತಳು. ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಮೇಲೆ ಮನೆಯ ಜಗುಲಿಯಲ್ಲಿ ಶುರುವಾದ ಹೊಲಿಗೆ ನಿಧಾನಕ್ಕೆ ದುರ್ಗಿಗುಡಿಯ ಅಂಗಡಿಯಾಯಿತು. ನಿಕಾಹ್ ಇರಲಿ, ಆರತಕ್ಷತೆ ಇರಲಿ, ಮದುಮಗಳ ಬಟ್ಟೆ ಹಾಜರಾಳ ಕೈಯಲ್ಲಾಗಬೇಕು ಎನ್ನುವ ಮನೆಗಳು ಊರಲ್ಲಿ ಬೇಕಾದಷ್ಟಿದ್ದವು.

ಅವಳ ಹೆಸರು ಹರಡಿದ್ದಕ್ಕೆ ಇನ್ನೊಂದು ಕಾರಣವಿತ್ತು. ಬೇರೆ ಕಡೆ ಆಗುವುದಿಲ್ಲ ಎನ್ನಿಸಿಕೊಂಡ ಮೈಗಳಿಗೆ ಅವಳು ಹೊಲಿಯುತ್ತಿದ್ದಳು. ಪೋಲಿಯೋದಿಂದ ಒಂದು ಕಾಲು ಗಿಡ್ಡವಾದ ಹುಡುಗಿಯೊಬ್ಬಳು ಮದುವೆಗೆ ಮುಂಚೆ ಬಂದು, ಉದ್ದ ಗೌನು ಹಾಕಿಕೋ ಎಲ್ಲ ಮುಚ್ಚಿಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ ಎಂದು ಅತ್ತಿದ್ದಳು. “ಮುಚ್ಚೋದಕ್ಕೆ ನೀನೇನು ಕದ್ದಿದೀಯಾ ಮಾರಾಯ್ತಿ?” ಎಂದು ಗದರಿ, ಹಾಜರಾ ಅವಳು ಆಸೆಪಟ್ಟಿದ್ದ ಲೆಹಂಗಾವನ್ನೇ ಹೊಲಿದಳು. ಒಂದು ಬದಿಯ ಘೇರನ್ನು, ಅಂದರೆ ಕೆಳಸುತ್ತನ್ನು, ಇನ್ನೊಂದು ಬದಿಗಿಂತ ಉದ್ದ ಬಿಟ್ಟು ಕತ್ತರಿಸಿದಳು. ಹುಡುಗಿ ಎದ್ದು ನಿಂತರೆ ಅಂಚು ನೆಲಕ್ಕೆ ಸಮ. ಆಪರೇಷನ್ನಾಗಿ ತೋಳು ಎತ್ತಲಾಗದ ಟೀಚರಿಗೆ ಮುಂದುಗಡೆಯೇ ಹುಕ್ಕು ಇಟ್ಟು, ಅದರ ಮೇಲೆ ಲೇಸಿನ ಪಟ್ಟಿ ಬರುವಂತೆ ರವಿಕೆ ಮಾಡಿದಳು. ನೋಡಿದವರು ಅದನ್ನು ಹೊಸ ಫ್ಯಾಷನ್ನು ಎಂದುಕೊಂಡು ತಮಗೂ ಹಾಗೆಯೇ ಬೇಕೆಂದರು.

ಕಣ್ಣು ಹೋಗತೊಡಗಿದಾಗ ಅವಳಿಗೆ ಮೊದಲು ಆದದ್ದು ನೋವಲ್ಲ, ಅವಮಾನ. ಎದುರಿಗೆ ನಿಂತವರ ಮುಖ ಕಾಣಬೇಕಾದರೆ ಅವಳು ಪಕ್ಕಕ್ಕೆ ನೋಡಬೇಕು. ಮಾತಾಡುವಾಗ ಎಲ್ಲೋ ನೋಡುತ್ತಾಳೆ, ಬಹಳ ಜಂಬ ಬಂದಿದೆ ಎಂದು ಹಳೆಯ ಗಿರಾಕಿಗಳೇ ಆಡಿಕೊಂಡರು. ಕನ್ನಡಕದಿಂದ ಇದು ಸರಿಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ ಮನೆಯಲ್ಲಿ ಅಬ್ಬಾಸ್ ಅಲಿ, “ಸಾಕು ಬಿಡು, ಇಷ್ಟು ದಿನ ದುಡಿದದ್ದಾಯ್ತು,” ಎಂದ. ಪ್ರೀತಿಯಿಂದಲೇ ಅಂದದ್ದು. ಹಾಜರಾ ಎರಡು ದಿನ ಅವನ ಜೊತೆ ಮಾತು ಬಿಟ್ಟಳು. ಆಮೇಲೆ ಅತೀಕಾಳನ್ನು ಕರೆಸಿಕೊಂಡು ಕತ್ತರಿ ಅವಳ ಕೈಗೆ ಕೊಟ್ಟಳು. ಬಣ್ಣ ಆರಿಸುವುದು, ಜರಿ ಎಲ್ಲಿ ಬರಬೇಕು ಎನ್ನುವುದು, ಬಟ್ಟೆ ಹೇಗೆ ಬೀಳಬೇಕು ಎನ್ನುವುದು ಈಗಲೂ ಅವಳದ್ದೇ. ಬಟ್ಟೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಕೆನ್ನೆಯ ಹತ್ತಿರ ತಂದು, ಓರೆಗಣ್ಣಿನಲ್ಲಿ ನೋಡಿ ಹೇಳುತ್ತಾಳೆ.

ವೆಬ್‌ಸೈಟು ಬೇಕೆಂದದ್ದೂ ಅವಳೇ. ದಾವಣಗೆರೆ, ಚಿಕ್ಕಮಗಳೂರಿನಿಂದೆಲ್ಲ ಹುಡುಗಿಯರು ಫೋನು ಮಾಡಿ, ಏನೇನಿದೆ ತೋರಿಸಿ ಎನ್ನುತ್ತಿದ್ದರು. ಹಾಗಾಗಿ ಜ್ಞಾನೇಶನನ್ನು ಹುಡುಕಿಕೊಂಡು ಹೋಗಿದ್ದಳು. ಅವನು ಮಾಡಿದ ಬೇರೆ ಸೈಟುಗಳನ್ನು ಅತೀಕಾ ನೋಡಿ, ಊರಲ್ಲಿ ಇವರಷ್ಟು ಚೆಂದ ಯಾರೂ ಮಾಡುವುದಿಲ್ಲ ಎಂದಿದ್ದಳು.

ಮುಂದಿನ ವಾರ ಜ್ಞಾನೇಶ್ ಬರಲಿಲ್ಲ. ಸರಿಯಾಗಿದೆ, ನೋಡಿ ಎಂದು ಮೆಸೇಜು ಕಳಿಸಿದ. ಹಾಜರಾ ಅತೀಕಾಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

“ಮೊದಲಿನ ಥರಾನೇ ಇದೆ ಖಾಲಾ. ಮೂಲೇಲಿ ಒಂದು ಗಾಲಿಕುರ್ಚಿ ಚಿತ್ರ ಹೊಸದಾಗಿ ಬಂದಿದೆ. ‘ವಿಶೇಷ ಪುಟ’ ಅಂತಿದೆ.”

“ಒತ್ತು.”

ಅತೀಕಾ ಒತ್ತಿದಳು.

“ಏನಾಯ್ತೇ?”

“ಎಲ್ಲ ಕಪ್ಪಾಯ್ತು. ಕಪ್ಪಿನ ಮೇಲೆ ಹಳದಿ ಅಕ್ಷರ, ದಪ್ಪ ದಪ್ಪಕ್ಕೆ. ಅಂಗಡಿ ವಿಳಾಸ ಇದೆ, ಫೋನ್ ನಂಬರ್ ಇದೆ.”

“ಲೆಹಂಗಾ?”

“ಇಲ್ಲ ಖಾಲಾ. ಒಂದೂ ಇಲ್ಲ. ತೆಗೆದುಬಿಟ್ಟಿದಾರೆ.”

ಈ ಸಲ ಮೊಬೈಲು ಚೆನ್ನಾಗಿಯೇ ಓದಿತು. ಅಂಗಡಿಯ ಹೆಸರು, ರಸ್ತೆಯ ಹೆಸರು, ತೆರೆಯುವ ಸಮಯ, ಅಲ್ಲಿಗೆ ಮುಗಿಯಿತು. ಅಷ್ಟು ವರ್ಷ ಹೊಲಿದದ್ದರ ಒಂದು ಎಳೆಯೂ ಅಲ್ಲಿರಲಿಲ್ಲ. ಮದುವೆ ಮನೆಗೆ ಕರೆದು, ಇವರಿಗೆ ಇಷ್ಟು ಸಾಕು ಎಂದು ಹಿತ್ತಿಲಲ್ಲಿ ಎಲೆ ಹಾಕಿ, ಅನ್ನ ಸಾರು ಬಡಿಸಿ ಕಳಿಸಿದ ಹಾಗೆ. ಮೊದಲ ದಿನದ ಮಾತನ್ನಾದರೂ ಹುಡುಗು ಬುದ್ಧಿ ಎಂದು ಬಿಡಬಹುದಿತ್ತು. ಇದು ಯೋಚನೆ ಮಾಡಿ ಮಾಡಿದ ಕೆಲಸ. ಯಾರೋ ಕೂತು, ಕಣ್ಣು ಕಾಣದವರಿಗೆ ಏನು ಬೇಕು ಎಂದು ಯೋಚಿಸಿ, ವಿಳಾಸ ಬೇಕು, ಚೆಂದ ಬೇಡ ಎಂದು ತೀರ್ಮಾನಿಸಿದ್ದರು.

“ನಂಗೆ ಕಣ್ಣು ಕಮ್ಮಿಯಾಗಿರೋದು ಅತೀಕಾ, ಆಸೆ ಕಮ್ಮಿಯಾಗಿಲ್ಲ,” ಎಂದಳು ಹಾಜರಾ.

ರಾತ್ರಿ ಊಟಕ್ಕೆ ಕೂತಾಗ ಅಬ್ಬಾಸ್ ಅಲಿ, ಒಂದು ವೆಬ್‌ಸೈಟಿಗೆ ಇಷ್ಟೊಂದು ತಲೆಬಿಸಿ ಯಾಕೆ, ಗಿರಾಕಿಗಳಿಗೆ ಕಂಡರೆ ಸಾಲದೇ ಎಂದ. “ನಿಮ್ಮ ಗ್ಯಾರೇಜಿನ ಬೋರ್ಡಿನಲ್ಲಿ ಗಾಡಿಗಳ ಹೆಸರಿಲ್ಲದೆ ಬರೀ ‘ಗಾಡಿ ಗಾಡಿ ಗಾಡಿ’ ಅಂತ ಬರೆಸ್ತೀನಿ, ಸುಮ್ನಿರ್ತೀರಾ?” ಎಂದು ಕೇಳಿದಳು. ಅವನು ಅನ್ನಕ್ಕೆ ಇನ್ನಷ್ಟು ಸಾರು ಹಾಕಿಕೊಂಡ.

ಮಾರನೆಯ ದಿನ ಅವಳು ಅತೀಕಾಗೆ ಅಂಗಡಿ ಒಪ್ಪಿಸಿ ಭದ್ರಾವತಿಯ ಬಸ್ಸು ಹತ್ತಿದಳು. ಹೋದದ್ದು ನ್ಯೂ ಟೌನಿನ ಶಿವರಾಮರ ಮನೆಗೆ. ಶಿವರಾಮರಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಕಾರ್ಖಾನೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹಾಜರಾಳ ಅಪ್ಪನಿಗೆ ಸ್ನೇಹಿತರು. ಓದುವ ಮೊಬೈಲನ್ನು ಬಳಸುವುದು ಹೇಗೆಂದು ಅವಳಿಗೆ ಕಲಿಸಿದ್ದೂ ಅವರೇ. ಊರಲ್ಲಿ ಯಾರಿಗೆ ದೃಷ್ಟಿ ಹೋದರೂ ಅವರ ಮನೆಗೆ ಬಂದು ಕಲಿತುಕೊಂಡು ಹೋಗುತ್ತಾರೆ. ಅವರಿಗಿಂತ ಹೆಚ್ಚು ಸಿಟ್ಟು ಬರುವವರು ಇನ್ನಾರು ಎಂದುಕೊಂಡಿದ್ದಳು.

ಶಿವರಾಮರು ಎರಡೂ ಪುಟಗಳನ್ನು ತಮ್ಮ ಮೊಬೈಲಿನಲ್ಲಿ ಕೇಳಿದರು. ಕೇಳಿ ತಣ್ಣಗೆ ಹೇಳಿದರು: “ಎರಡನೇದು ಪರವಾಗಿಲ್ಲಮ್ಮ. ಸ್ಪಷ್ಟವಾಗಿ ಓದುತ್ತೆ. ಇಷ್ಟನ್ನೂ ಎಷ್ಟು ಜನ ಮಾಡ್ತಾರೆ?”

“ಅಣ್ಣಾ, ಅದರಲ್ಲಿ ಬಟ್ಟೇನೇ ಇಲ್ಲ!”

“ಬಟ್ಟೆ ಫೋಟೋ ಇಟ್ಕೊಂಡು ನಾನೇನು ಮಾಡ್ಲಿ? ಜಗಳ ಮಾಡಿದ್ರೆ ಇದನ್ನೂ ಕಿತ್ತು ಹಾಕ್ತಾರೆ. ಸಿಕ್ಕಿದ್ದನ್ನ ಉಳಿಸ್ಕೋಬೇಕು.”

ಹಾಜರಾಗೆ ತಡೆಯಲಾಗಲಿಲ್ಲ. “ನೀವೇ ಹಿಂಗಂದ್ರೆ ಆ ಹುಡುಗ ಅಂದದ್ದರಲ್ಲಿ ತಪ್ಪೇನಿದೆ? ನಮಗೆ ಏನೂ ಬೇಡ ಅಂತ ನಾವೇ ಹೇಳಿ ಹೇಳಿ, ಅವರು ಏನೂ ಕೊಡದ ಹಾಗಾಗಿದೆ!”

ದನಿ ಕೇಳಿ ಒಳಗಿನಿಂದ ಶಿವರಾಮರ ಮಗಳು ಸಂಘಮಿತ್ರಾ ಹೊರಗೆ ಬಂದಳು. ಅವಳ ಮದುವೆ ಗೊತ್ತಾಗಿತ್ತು. ನೀರು ಕೊಟ್ಟು, ತಂದೆಯ ಮುಖ ನೋಡಿ, ಅಲ್ಲೇ ಕೂತಳು. ಶಿವರಾಮರು ಮೊಬೈಲನ್ನು ಪಕ್ಕಕ್ಕಿಟ್ಟರು. ಆಮೇಲೆ ಹೇಳಿದ್ದು ಬೇರೆಯದೇ ಮಾತು.

“ಮೊನ್ನೆ ಇವಳ ಸೀರೆ ತರೋಕೆ ಹೋಗಿದ್ವಿ. ಅಂಗಡಿಯೋರು ಬಹಳ ಮರ್ಯಾದೆಯಿಂದ ನನ್ನನ್ನ ಒಂದು ಕಡೆ ಕೂರಿಸಿ ಫ್ಯಾನ್ ಹಾಕಿದ್ರು, ಕಾಫಿ ಕೊಟ್ರು. ಎಷ್ಟೋ ಸೀರೆ ಬಿಚ್ಚಿ ಹಾಕಿದ ಸದ್ದು ಕೇಳಿಸ್ತು. ಹೇಗಿದೆ ಅಂತ ಕೇಳಿದೆ. ‘ಸೂಪರ್ ಸರ್’ ಅಂದ್ರು. ಇನ್ನೊಂದು ಹೇಗಿದೆ ಅಂದೆ. ಅದೂ ಸೂಪರ್. ಒಬ್ಬರೂ ತಂದು ನನ್ನ ಕೈಗೆ ಕೊಡ್ಲಿಲ್ಲ. ನಾನೂ ಕೇಳ್ಲಿಲ್ಲ. ಕೇಳೋದನ್ನ ಎಂದೋ ಬಿಟ್ಟಿದೀನಿ.” ಮತ್ತೆ ಹಾಜರಾಳ ಕಡೆ ತಿರುಗಿದರು. “ಆ ಹುಡುಗ ನಾಳೆ ‘ಚಿತ್ರ’ ಅನ್ನೋದನ್ನ ತೆಗೆದು ‘ಕೆಂಪು ಲೆಹಂಗಾ’ ಅಂತ ಬರೀತಾನೆ ಅಂತಿಟ್ಕೋ. ಆವಾಗಲೂ ನಾನು ಆ ಫ್ಯಾನ್ ಕೆಳಗೇ ಕೂತಿರ್ತೀನಲ್ಲಮ್ಮ.”

ಸಂಘಮಿತ್ರಾ ತಲೆ ತಗ್ಗಿಸಿದಳು. ಅಪ್ಪನ ಕೈಗೆ ಸೀರೆ ಕೊಡಬೇಕೆಂದು ಅವತ್ತು ಅವಳಿಗೂ ತೋಚಿರಲಿಲ್ಲ.

ವಾಪಸು ಬರುವಾಗ ಹಾಜರಾ ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಕೂತಳು. ಶಿವರಾಮರ ಮೇಲಿನ ಸಿಟ್ಟು ಎಲ್ಲೋ ಹೋಗಿತ್ತು. ಅಂಥ ಮನುಷ್ಯ, ಊರಿಗೆಲ್ಲ ಧೈರ್ಯ ಹೇಳುವವರು, ತನಗೆ ಬೇಡ ಎನ್ನುವುದನ್ನು ರೂಢಿ ಮಾಡಿಕೊಳ್ಳಬೇಕಾಯಿತಲ್ಲ! ಇದಕ್ಕೆ ಯಾರನ್ನು ಬೈಯಬೇಕು? ಕಾಫಿ ಕೊಟ್ಟವರನ್ನು ಬೈಯುವುದು ಹೇಗೆ? ಆದರೆ ಜ್ಞಾನೇಶನನ್ನು ಬೈಯಬಹುದಿತ್ತು. ಬಸ್ ಸ್ಟ್ಯಾಂಡಿನಲ್ಲಿ ಇಳಿದವಳೇ ಮನೆಗೆ ಹೋಗದೆ ಆಟೋ ಹಿಡಿದು ಗೋಪಾಳಕ್ಕೆ ಹೋದಳು.

ಆಫೀಸಿನಲ್ಲಿ ಜ್ಞಾನೇಶ್ ಇದ್ದ. ಪಕ್ಕದ ಮೇಜಿನಲ್ಲಿ ಅಮೂಲ್ಯ ಎನ್ನುವ ಹುಡುಗಿ ಕೆಲಸ ಮಾಡುತ್ತಿದ್ದಳು; ಸೈಟುಗಳ ಒಳಗಿನ ಕೋಡು ಬರೆಯುವವಳು ಅವಳೇ.

“ಆ ಕಪ್ಪು ಪುಟ ತೆಗೀರಿ,” ಎಂದಳು ಹಾಜರಾ, ಇನ್ನೂ ಕೂತುಕೊಳ್ಳುವ ಮೊದಲೇ.

“ಆಂಟಿ, ನಿಮಗೋಸ್ಕರಾನೇ ಮಾಡಿದ್ದು ಅದು.”

“ನನಗೋಸ್ಕರ ಮಾಡಿದ್ರೆ ನನ್ನ ಬಟ್ಟೆ ಯಾಕೆ ತೆಗೆದ್ರಿ? ನಂಗೆ ಎರಡು ಬೇಡ. ಒಂದೇ ಸಾಕು. ಆ ಒಂದರಲ್ಲೇ ನಾನೂ ಓದಬೇಕು, ಮದುಮಗಳೂ ನೋಡಬೇಕು, ಅವಳ ಶುಗರ್ ಇರೋ ಅಜ್ಜೀಗೂ ಕಾಣಬೇಕು.”

ಜ್ಞಾನೇಶ್ ಉಸಿರೆಳೆದುಕೊಂಡ. “ನೋಡಿ ಆಂಟಿ, ಡಿಸೈನ್ ಅಂದ್ರೆ ಒಂದು ಫೀಲ್. ತೆಳು ಅಕ್ಷರ, ತೆಳು ಬಣ್ಣ, ಆ ಮೂವ್‌ಮೆಂಟು, ಅದೆಲ್ಲ ಸೇರಿ ಒಂದು ಕ್ಲಾಸ್ ಬರುತ್ತೆ. ನೀವು ಹೇಳಿದ ಹಾಗೆ ದಪ್ಪ ಅಕ್ಷರ ಹಾಕಿದ್ರೆ ರೇಷನ್ ಅಂಗಡಿ ಬೋರ್ಡ್ ಥರ ಆಗುತ್ತೆ. ಒಂದೋ ಚೆಂದ, ಒಂದೋ ಅನುಕೂಲ. ಎರಡೂ ಸಿಗಲ್ಲ.”

“ಯಾಕೆ ಸಿಗಲ್ಲ?” ಹಾಜರಾಳ ದನಿ ಈಗ ಏರಿತು. “ಕಾಲು ಗಿಡ್ಡ ಇರೋ ಹುಡುಗೀಗೆ ನಾನು ಗೋಣಿಚೀಲ ಹೊಲಿದು ಕೊಡ್ತೀನಾ? ‘ನಿಂಗೆ ಅನುಕೂಲ ಸಾಕು, ಚೆಂದ ಯಾಕೆ’ ಅಂತೀನಾ? ಅವಳಿಗೆ ಬೇರೆ ಬಾಗಿಲು, ಬೇರೆ ಕನ್ನಡಿ ಇಟ್ಟಿದೀನಾ? ಅದೇ ಅಂಗಡಿ, ಅದೇ ರೇಷ್ಮೆ. ಕತ್ತರಿಸೋವಾಗ ತಲೆ ಓಡಿಸ್ಬೇಕು, ಅಷ್ಟೆ. ನಿಮಗೆ ತಲೆ ಇದೆ, ಓಡಿಸೋಕೆ ಮನಸ್ಸಿಲ್ಲ!”

“ಸೆಂಟಿಮೆಂಟ್ ಬೇರೆ, ಬಿಸಿನೆಸ್ ಬೇರೆ ಆಂಟಿ. ಆ ಬಟ್ಟೆ ಒಬ್ಬರಿಗೆ. ಇದು ಎಲ್ಲರಿಗೂ.”

“ಹಾಂ! ಅದನ್ನೇ ನಾನೂ ಹೇಳ್ತಿರೋದು. ಎಲ್ಲರಿಗೂ!”

ಜ್ಞಾನೇಶನ ಮುಖ ಕೆಂಪಾಯಿತು. ಅವನಿಗೆ ತನ್ನ ಕೆಲಸದ ಮೇಲೆ ನಿಜವಾದ ಅಭಿಮಾನವಿತ್ತು; ಆ ಕೆನೆಬಣ್ಣಕ್ಕೆ ಆ ಚಿನ್ನ ಹೊಂದಿಸಲು ಅವನು ದಿನಗಟ್ಟಲೆ ಕೂತಿದ್ದ. ಅದನ್ನು ಟೈಲರ್ ಒಬ್ಬಳು ಬಂದು ಹಾಳು ಮಾಡು ಎಂದದ್ದು ಅವನಿಗೆ ಹೇಗೆ ಕೇಳಿಸಿತೋ. ಆಗ ಅಮೂಲ್ಯ ಪಕ್ಕದಿಂದ ಮೆಲ್ಲಗೆ ಹೇಳಿದಳು: “ಸರ್, ಆಗುತ್ತೆ. ನಾನು ಶುರೂನಲ್ಲೇ ಹೇಳಿದ್ದೆ, ಚಿತ್ರಕ್ಕೆಲ್ಲ ವಿವರ ಬರೆಯೋಣ, ಬಟನ್‌ಗಳಿಗೆ ಹೆಸರು ಕೊಡೋಣ ಅಂತ. ಡೆಲಿವರಿ ಲೇಟ್ ಆಗುತ್ತೆ ಅಂದ್ರಿ.”

ಹಾಜರಾ ಅವಳ ಕಡೆ ಮುಖ ಓರೆ ಮಾಡಿದಳು. ಶುರುವಿನಲ್ಲೇ! ಹಾಗಾದರೆ ಇದು ಗೊತ್ತಿಲ್ಲದೆ ಆದದ್ದಲ್ಲ. ಗೊತ್ತಿದ್ದೂ, ಪರವಾಗಿಲ್ಲ ಎಂದು ಬಿಟ್ಟದ್ದು.

ಜ್ಞಾನೇಶ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. “ಆಯ್ತು. ಅಮೂಲ್ಯ, ನೀನೇ ನೋಡ್ಕೋ. ಅವರು ಹೇಳಿದ ಹಾಗೆ ಮಾಡ್ಕೊಡು. ಆದ್ರೆ ಕೆಳಗಡೆ ನಮ್ಮ ಹೆಸರು ತೆಗೆದುಬಿಡು. ಅದು ನನ್ನ ಡಿಸೈನ್ ಅಂತ ಯಾರೂ ಅನ್ಕೋಬಾರದು.”

ಅಮೂಲ್ಯ ಸಂಜೆ ಹೊತ್ತು ದುರ್ಗಿಗುಡಿಯ ಅಂಗಡಿಗೆ ಬರತೊಡಗಿದಳು. ಮೊದಲ ದಿನ ಅವಳು ಚಿನ್ನದ ಬಣ್ಣದ ಅಕ್ಷರಗಳನ್ನು ತೆಗೆದು ಕಪ್ಪು ಮಾಡಿ ತೋರಿಸಿದಳು. ಹಾಜರಾಗೆ ಓದಲು ಬಂತು, ಆದರೆ ಹಿಡಿಸಲಿಲ್ಲ. “ಇದು ಸಾವಿನ ಮನೆ ಕಾರ್ಡ್ ಇದ್ದ ಹಾಗಿದೆ ಮಾರಾಯ್ತಿ,” ಎಂದಳು. ಚೂರು ಬಟ್ಟೆಗಳ ಬುಟ್ಟಿಯನ್ನು ಮೇಜಿನ ಮೇಲೆ ಸುರಿದು ಒಂದೊಂದೇ ತುಂಡನ್ನು ಕೆನೆಬಣ್ಣದ ರೇಷ್ಮೆಯ ಮೇಲಿಟ್ಟು ಬಾಗಿಲ ಬೆಳಕಿಗೆ ಹಿಡಿದಳು. ಗಿಳಿಹಸಿರು ಸೋತಿತು, ಗುಲಾಬಿ ಕಾಣಲೇ ಇಲ್ಲ. ಬದನೆಕಾಯಿ ಬಣ್ಣದ ತುಂಡು ಇಟ್ಟಾಗ ಅವಳ ಓರೆಗಣ್ಣಿಗೂ ಅದು ಎದ್ದು ನಿಂತಿತು. ಅಕ್ಷರಕ್ಕೆಲ್ಲ ಆ ಬಣ್ಣವೇ ಆಯಿತು.

“ಚಿನ್ನ ಪೂರ್ತಿ ತೆಗೀಲಾ ಆಂಟಿ?” ಎಂದು ಕೇಳಿದಳು ಅಮೂಲ್ಯ.

“ಯಾಕೆ ತೆಗೀತೀಯಾ? ಜರಿ ಇಲ್ಲದೆ ಮದುವೆ ಉಂಟಾ? ಅಂಚಿಗೆ ಹಾಕು. ಓದೋ ಕಡೆ ಬೇಡ, ನೋಡೋ ಕಡೆ ಹಾಕು.”

ತಾವಾಗಿಯೇ ಓಡುತ್ತಿದ್ದ ಚಿತ್ರಗಳು ನಿಂತವು. ಬೇಕೆಂದವರು ಒತ್ತಿದರೆ ಮಾತ್ರ ಮುಂದಿನದು ಬರುತ್ತಿತ್ತು. ಒತ್ತುವ ಗುಂಡಿಗಳು ಹೆಬ್ಬೆರಳಿನಷ್ಟು ದೊಡ್ಡವಾದವು, ಅವಕ್ಕೆ ಹೆಸರು ಬಂತು. ಅಕ್ಷರವನ್ನು ಎಷ್ಟು ಹಿಗ್ಗಿಸಿದರೂ ಸಾಲುಗಳು ಒಂದರ ಮೇಲೊಂದು ಬೀಳದಂತೆ ಅಮೂಲ್ಯ ನೋಡಿಕೊಂಡಳು.

ಕಷ್ಟವಾದದ್ದು ವಿವರ ಬರೆಯುವುದು. ಹಾಜರಾ ಹೇಳಬೇಕು, ಅತೀಕಾ ಟೈಪ್ ಮಾಡಬೇಕು. ಮೊದಲನೆಯದಕ್ಕೆ, “ಕೆಂಪು ಲೆಹಂಗಾ, ಜರಿ ಕೆಲಸ, ತುಂಬಾ ಚೆನ್ನಾಗಿದೆ,” ಎಂದಳು. ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಸೂಪರ್ ಸರ್ ಎಂದವರಿಗೂ ತನಗೂ ಏನು ವ್ಯತ್ಯಾಸ? ಅಳಿಸು ಎಂದಳು. ಬಟ್ಟೆಯನ್ನು ತರಿಸಿ ತೊಡೆಯ ಮೇಲೆ ಹರಡಿಕೊಂಡು, ಕೈ ಆಡಿಸುತ್ತ ಹೇಳತೊಡಗಿದಳು. ಒಂದನ್ನು ಹಣ್ಣಡಿಕೆಯ ಬಣ್ಣ ಎಂದಳು, ಭಾರವಾಗಿದೆ, ತಣ್ಣಗಿದೆ, ಕೂತರೆ ಸುತ್ತಲೂ ಗಂಭೀರವಾಗಿ ನಿಲ್ಲುತ್ತದೆ ಎಂದಳು. ಇನ್ನೊಂದನ್ನು ಎಳೆ ಬಾಳೆಲೆಯ ಹಸಿರು ಎಂದಳು: ಮೈಮೇಲೆ ಹಗುರ, ಅಂಚಿನಲ್ಲಿ ಅಂಗೈಯಗಲ ಜರಿ, ಮುಟ್ಟಿದರೆ ಕೊಂಚ ಒರಟು, ಕೆಳಗೆ ಸಾಲಾಗಿ ಮಣಿ, ನಡೆದರೆ ಸಣ್ಣಗೆ ಸದ್ದು. ಎಷ್ಟೋ ವರ್ಷ ಕೈಯಲ್ಲಿದ್ದರೂ ಬಾಯಿಗೆ ಬಾರದ ಮಾತುಗಳು ಅವು. ಕೆಲವು ದಿನ ಒಂದೇ ಬಟ್ಟೆಗೆ ಇಡೀ ಸಂಜೆ ಹಿಡಿಯಿತು. ಅಬ್ಬಾಸ್ ಅಲಿ ಗ್ಯಾರೇಜು ಮುಚ್ಚಿ ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಒಮ್ಮೆ, “ಇದನ್ನ ನೀನು ಹೊಲಿದದ್ದು ನಂಗೆ ಗೊತ್ತೇ ಇರ್ಲಿಲ್ಲ,” ಎಂದ. “ಎದುರಿಗೇ ತೂಗು ಹಾಕಿತ್ತು ರೀ,” ಎಂದಳು ಹಾಜರಾ.

ಎಲ್ಲ ಮುಗಿದ ಮೇಲೆ ಶಿವರಾಮರಿಗೆ ಲಿಂಕು ಕಳಿಸಿದಳು. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಮಧ್ಯಾಹ್ನ ಅವರೇ ಫೋನು ಮಾಡಿದರು.

“ಹಾಜರಾ, ಆರತಕ್ಷತೆಗೆ ಲೆಹಂಗಾ ಬೇಕಂತೆ ನಮ್ಮ ಹುಡುಗೀಗೆ. ಆ ಬಾಳೆಲೆ ಹಸಿರಿದೆಯಲ್ಲ, ನಡೆದ್ರೆ ಸದ್ದು ಮಾಡೋದು, ಅದನ್ನ ತೆಗೆದಿಡಮ್ಮ. ಅವಳು ಹಾಲ್‌ನಲ್ಲಿ ಎಲ್ಲಿದಾಳೆ ಅಂತ ನಂಗೂ ಗೊತ್ತಾಗುತ್ತೆ.”

ಹಿಂದಿನಿಂದ ಸಂಘಮಿತ್ರಾಳ ದನಿ ಕೇಳಿಸಿತು. “ಅಪ್ಪಾ, ನಂಗೆ ಹಸಿರು ಬೇಡ ಅಂದ್ನಲ್ಲ! ಆ ಹಣ್ಣಡಿಕೆ ಬಣ್ಣದ್ದು ಬೇಕು.”

“ಅದು ಭಾರ ಇದೆಯಂತೆ ಕಣೇ. ಅಷ್ಟು ಹೊತ್ತು ನಿಂತ್ಕೊಂಡು ಫೋಟೋ ತೆಗೆಸ್ಕೊಳ್ಳೋಕೆ ಆಗುತ್ತಾ ನಿಂಗೆ?”

“ನಿಮಗೇನಪ್ಪಾ ಗೊತ್ತು ಫ್ಯಾಷನ್ನು!”

“ಎಲ್ಲಾ ಕೇಳಿದೀನಿ. ಎಲ್ಲಾನೂ ಕೇಳೇ ಹೇಳ್ತಿರೋದು!”

ಬಟ್ಟೆಯ ವಿಷಯಕ್ಕೆ ಅಪ್ಪ ಮಗಳು ಜಗಳವಾಡಿದ್ದು ಅವರ ಬದುಕಿನಲ್ಲೇ ಮೊದಲ ಸಲ ಇರಬೇಕು. ಹಾಜರಾ ಫೋನನ್ನು ಕಿವಿಗೆ ಒತ್ತಿಕೊಂಡು ಬಹಳ ಹೊತ್ತು ಕೇಳಿದಳು. ಕೊನೆಗೆ ಮಗಳೇ ಗೆದ್ದಳು. ಶಿವರಾಮರು ಮಾತ್ರ, ಹಣ್ಣಡಿಕೆ ಬಣ್ಣದ್ದಕ್ಕೂ ಕೆಳಗೆ ಒಂದು ಸಾಲು ಮಣಿ ಹೊಲಿಯಲೇಬೇಕು ಎಂದು ಹಟ ಹಿಡಿದು ಹೊಲಿಸಿಕೊಂಡರು.

ಸೈಟು ನೋಡಿ ಹುಡುಗಿಯರು ಬಂದರು. ಅವರಿಗಿಂತ ಹೆಚ್ಚಾಗಿ ಅವರ ತಾಯಂದಿರು, ಅಜ್ಜಿಯರು ಬಂದರು. ಕನ್ನಡಕ ಹುಡುಕದೆ ಓದಲಿಕ್ಕಾಗುತ್ತದೆ ಎಂದರು. ಚೆನ್ನಾಗಿಲ್ಲ ಎಂದವರು ಒಬ್ಬರೂ ಸಿಗಲಿಲ್ಲ. ಬದನೆಕಾಯಿ ಬಣ್ಣವೂ ಚಿನ್ನದ ಅಂಚೂ ಸೇರಿ ಅದು ಮೊದಲಿಗಿಂತ ಚೆಂದ ಕಾಣುತ್ತದೆ ಎಂದು ಅತೀಕಾ ಆಣೆ ಮಾಡಿ ಹೇಳಿದಳು.

ಹಾಗೆಂದು ಎಲ್ಲ ಸರಿಹೋಯಿತೆಂದಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅಮೂಲ್ಯ ಒಂದು ಸುದ್ದಿ ತಂದಳು. ತಾವು ಮಾಡಿದ ಒಳ್ಳೆಯ ಕೆಲಸಗಳೆಂದು ಜ್ಞಾನೇಶ್ ಆಫೀಸಿನ ಪುಟದಲ್ಲಿ ಹಾಕಿಕೊಂಡ ಸೈಟುಗಳಲ್ಲಿ ಹಾಜರಾಳದ್ದೇ ಮೊದಲನೆಯದು. ಕೆಳಗೆ, ‘ಎಲ್ಲರಿಗೂ ಎಟುಕುವ ವಿನ್ಯಾಸ’ ಎಂದು ಬರೆದಿದ್ದ. ಅಮೂಲ್ಯಳ ಹೆಸರು ಎಲ್ಲೂ ಇರಲಿಲ್ಲ. ಹೊಸದಾಗಿ ಬಂದ ಕಲ್ಯಾಣ ಮಂಟಪವೊಂದರ ಸೈಟಿಗೆ ಅದೇ ಬದನೆಕಾಯಿ ಬಣ್ಣವನ್ನು ತೆಗೆದುಕೊಂಡು, ಅದನ್ನು ತೆಳುಮಾಡಿ, ಕೂದಲೆಳೆಯ ಅಕ್ಷರ ಹಾಕಿ, ಚಿತ್ರಗಳನ್ನು ಮತ್ತೆ ಓಡಬಿಟ್ಟಿದ್ದ.

“ಕಲಿತದ್ದು ಏನು ಹಾಗಾದ್ರೆ?” ಎಂದು ಕೇಳಿದಳು ಹಾಜರಾ.

“ಬಣ್ಣ ಮಾತ್ರ, ಆಂಟಿ,” ಎಂದಳು ಅಮೂಲ್ಯ. ಅವಳು ಆ ತಿಂಗಳೇ ಆ ಆಫೀಸು ಬಿಟ್ಟಳು. ಈಗ ವಿನೋಬನಗರದ ಮನೆಯಲ್ಲೇ ಕೂತು ಸ್ವಂತ ಕೆಲಸ ಮಾಡುತ್ತಾಳೆ. ಬಿಡುವಿದ್ದ ದಿನ ಹಾಜರಾಳೂ ಅವಳೂ ಸೇರಿ ಅಂಗಡಿ ಅಂಗಡಿಗೆ ಹೋಗಿ, ನಿಮ್ಮ ಸೈಟನ್ನೂ ಎಲ್ಲರೂ ಓದುವ ಹಾಗೆ ಮಾಡಿಕೊಡೋಣವೇ ಎಂದು ಕೇಳುತ್ತಾರೆ. ಬಹಳ ಜನ, ನಮ್ಮಲ್ಲಿಗೆ ಅಂಥವರು ಬರುವುದಿಲ್ಲ ಎನ್ನುತ್ತಾರೆ. “ಬರೋಕೆ ದಾರಿ ಎಲ್ಲಿಟ್ಟಿದೀರಾ?” ಎಂದು ಹಾಜರಾ ಅಲ್ಲೇ, ಗಿರಾಕಿಗಳ ಎದುರಿಗೇ ಕೇಳಿಬಿಡುತ್ತಾಳೆ. ಇದರಿಂದ ಕೆಲಸ ಕೈತಪ್ಪಿದ್ದೂ ಉಂಟು. ಅಮೂಲ್ಯ ಸ್ವಲ್ಪ ಮೆತ್ತಗೆ ಮಾತಾಡಿ ಎಂದು ಕೈ ಹಿಡಿದು ಎಳೆಯುತ್ತಾಳೆ. ಚಪ್ಪಲಿ ಅಂಗಡಿಯ ಜಮ್ಶೀದ್ ಒಬ್ಬ ಒಪ್ಪಿದ. ಒಡವೆ ಅಂಗಡಿಯ ಮಲ್ಲಿಕ್, ಯೋಚನೆ ಮಾಡಿ ಹೇಳುತ್ತೇನೆ ಎಂದು ಮೂರು ಸಲ ವಾಪಸು ಕಳಿಸಿದ್ದಾನೆ.

ಸೋಮವಾರ ನಾಲ್ಕನೆಯ ಸಲಕ್ಕೆ ಅವನ ಅಂಗಡಿಗೆ ಹಾಜರಾ ಹೊರಟಾಗ ಅಬ್ಬಾಸ್ ಅಲಿ, “ಆಗಲ್ಲ ಅಂತ ಅವನು ಹೇಳಿದ ಹಾಗೇ ಆಯ್ತಲ್ಲ, ಇನ್ನೂ ಯಾಕೆ?” ಎಂದ.

“ಹೇಳಿದ ಹಾಗೆ ಅಲ್ಲ,” ಎಂದಳು ಹಾಜರಾ, ಬುರ್ಖಾದ ಗುಂಡಿ ಹಾಕಿಕೊಳ್ಳುತ್ತ. “ಆಗಲ್ಲ ಅಂತ ಬಾಯಿಬಿಟ್ಟು ಹೇಳ್ಲಿ. ಯಾಕೆ ಆಗಲ್ಲ ಅಂತಾನೂ ಹೇಳ್ಲಿ. ಅಲ್ಲೀವರೆಗೂ ಹೋಗ್ತೀನಿ.”